ಮೊಬೈಲ್ ರಿಂಗಾದರೆ ತೂಕ ಕುಣಿಯಬಾರದು: ಸಂಘದ ಅಳತೆ ಯಂತ್ರಗಳಿಗೂ ಒಂದು ಮಾನದಂಡವಿದೆ



ಬೆಳಿಗ್ಗೆ ಆರೂವರೆ. ಹಟ್ಟಿಯ ಕೆಲಸ ಮುಗಿಸಿ, ಕ್ಯಾನು ಹಿಡಿದು ನೀವು ಸಂಘದ ಮುಂದೆ ಸಾಲಿನಲ್ಲಿ ನಿಂತಿದ್ದೀರಿ. ನಿಮ್ಮ ಸರದಿ ಬಂತು. ತೂಕದ ಯಂತ್ರದ ಮೇಲಿನ ಪಾತ್ರೆಗೆ ಹಾಲು ಸುರಿದಿರಿ. ಕೆಂಪು ಅಂಕಿ 6.48 ಎಂದು ನಿಂತಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಯಾರದೋ ಮೊಬೈಲಿಗೆ ಕರೆ ಬಂತು. ಅಂಕಿ 6.43, 6.51, 6.46 ಎಂದು ಕುಣಿಯತೊಡಗಿತು. ಚೀಟಿಯಲ್ಲಿ ಯಾವ ಅಂಕಿ ಬಿತ್ತು? 6.43 ಬಿದ್ದಿದ್ದರೆ 50 ಗ್ರಾಂ ಹಾಲಿನ ಹಣ ನಿಮಗೆ ಹೋಯಿತು. 6.51 ಬಿದ್ದಿದ್ದರೆ ಇಲ್ಲದ 30 ಗ್ರಾಂ ಹಾಲಿಗೆ ಸಂಘ ಹಣ ಕೊಟ್ಟಿತು.

50 ಗ್ರಾಂ ಏನು ಮಹಾ ಎನ್ನಬೇಡಿ. ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 365 ದಿನ ಹೀಗೇ ಆದರೆ 36.5 ಕಿಲೋ, ಅಂದರೆ ಸುಮಾರು 35 ಲೀಟರ್ ಹಾಲಾಗುತ್ತದೆ. ನಿಜ ಹೇಳಬೇಕೆಂದರೆ ಇಂಥ ತಪ್ಪು ಪ್ರತಿ ಸಲವೂ ಒಂದೇ ಕಡೆಗೆ ವಾಲುವುದಿಲ್ಲ. ಒಮ್ಮೆ ನಿಮಗೆ ನಷ್ಟ, ಇನ್ನೊಮ್ಮೆ ಸಂಘಕ್ಕೆ ನಷ್ಟ. ಆದರೆ ಎರಡೂ ಕಡೆ ಹೋಗುವುದು ನಂಬಿಕೆ. ಚೀಟಿಯ ಮೇಲೆ ಅನುಮಾನ ಹುಟ್ಟಿದರೆ ಹಾಲು ಪರೀಕ್ಷಕರ ಮೇಲೆ ಗುಮಾನಿ, ಕಾರ್ಯದರ್ಶಿಯ ಮೇಲೆ ದೂರು, ಕೊನೆಗೆ ಸಂಘವೇ ಬೇಡ ಎನ್ನುವ ಮಾತು. ಅಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲದೆ ಇರಬಹುದು. ಯಂತ್ರದ ಒಳಗೆ ಹೊರಗಿನ ವಿದ್ಯುತ್ ಗದ್ದಲ ನುಗ್ಗಿರಬಹುದು.

ಈ ಗದ್ದಲವನ್ನು ಅಳತೆಯ ಯಂತ್ರ ಎಷ್ಟು ತಡೆದುಕೊಳ್ಳಬೇಕು, ತಾನು ಎಷ್ಟು ಗದ್ದಲ ಮಾಡಬಹುದು ಎಂದು ಹೇಳುವ ಅಂತರರಾಷ್ಟ್ರೀಯ ಮಾನದಂಡಗಳಿವೆ. ತಾಂತ್ರಿಕ ಭಾಷೆಯಲ್ಲಿ ಇದಕ್ಕೆ ವಿದ್ಯುತ್ಕಾಂತೀಯ ಹೊಂದಾಣಿಕೆ ಎಂದು ಹೆಸರು, ಚಿಕ್ಕದಾಗಿ ಇಎಂಸಿ. ಇದು ಎಂಜಿನಿಯರುಗಳ ವಿಷಯ ಎಂದು ಪುಟ ತಿರುಗಿಸಬೇಡಿ. ನಿಮ್ಮ ಹಾಲಿನ ಚೀಟಿ ಹುಟ್ಟುವುದು ಇದರ ಮೇಲೆಯೇ.

ಅಂಕಿಯ ಹಿಂದಿರುವ ಸಣ್ಣ ಸಂಕೇತ

ತೂಕದ ಯಂತ್ರದ ತಟ್ಟೆಯ ಅಡಿಯಲ್ಲಿ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ. ಅದರ ಮೇಲೆ ಅಂಟಿಸಿದ ತೆಳು ತಂತಿಯ ಪಟ್ಟಿಗಳು ಹಿಗ್ಗಿ ಕುಗ್ಗಿ ಸಣ್ಣ ವೋಲ್ಟೇಜ್ ಹೊರಗೆ ಬರುತ್ತದೆ. ಎಷ್ಟು ಸಣ್ಣದು? 20 ಕಿಲೋ ಯಂತ್ರದ ಒಂದು ಸಾಮಾನ್ಯ ಲೋಡ್ ಸೆಲ್ ತೆಗೆದುಕೊಳ್ಳಿ. ಅದಕ್ಕೆ 5 ವೋಲ್ಟ್ ಕೊಟ್ಟರೆ, ಪೂರ್ತಿ 20 ಕಿಲೋ ಭಾರಕ್ಕೆ ಅದು ಹೊರಗೆ ಕೊಡುವುದು 10 ಮಿಲಿವೋಲ್ಟ್. ಹಾಗಾದರೆ 10 ಗ್ರಾಂ ಹಾಲಿಗೆ 5 ಮೈಕ್ರೋವೋಲ್ಟ್. ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ಲಿನ ಮೂರು ಲಕ್ಷದಲ್ಲಿ ಒಂದು ಪಾಲು! ಅಷ್ಟು ಸಣ್ಣ ಸಂಕೇತವನ್ನು ಹಿಗ್ಗಿಸಿ, ಎಣಿಸಿ ಯಂತ್ರ ನಿಮಗೆ ಅಂಕಿ ತೋರಿಸುತ್ತದೆ.

ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡುವ ಯಂತ್ರದ ಕಥೆಯೂ ಇದೇ. ಈಗ ಬಳಕೆಯಲ್ಲಿರುವ ಹಲವು ಮಿಲ್ಕ್ ಅನಲೈಸರ್‌ಗಳು ಹಾಲಿನ ಮೂಲಕ ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಕಳುಹಿಸಿ, ಅವು ಎಷ್ಟು ಬೇಗ ಮತ್ತು ಎಷ್ಟು ಕುಗ್ಗಿ ಆಚೆ ತಲುಪುತ್ತವೆ ಎಂದು ನೋಡಿ ಲೆಕ್ಕ ಹಾಕುತ್ತವೆ. ಆಚೆ ತಲುಪುವ ಸಂಕೇತ ತೀರಾ ಸಣ್ಣದು. ಜೊತೆಗೆ ಹಾಲಿನ ಉಷ್ಣತೆಯನ್ನೂ ನಿಖರವಾಗಿ ಅಳೆಯಬೇಕು. ಇಂಥ ಕಡೆ ಹೊರಗಿನ ಗದ್ದಲ ಸ್ವಲ್ಪ ಬೆರೆತರೂ ಅಂಕಿ ಹೆಚ್ಚುಕಮ್ಮಿ ಆದೀತು.

ಈ ಗದ್ದಲದ ಪರಿಚಯ ನಿಮಗೆ ಈಗಾಗಲೇ ಇದೆ. ಹಳೆಯ ಮೀಡಿಯಂ ವೇವ್ ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ ಕೇಳುವಾಗ ಮಿಕ್ಸಿ ಹಾಕಿದರೆ ಕರಕರ ಎನ್ನುತ್ತಿತ್ತಲ್ಲ, ಅದು. ಮೊಬೈಲಿಗೆ ಕರೆ ಬರುವ ಮುಂಚೆ ಹತ್ತಿರದ ಸ್ಪೀಕರಿನಲ್ಲಿ ಡಗಡಗ ಡಗಡಗ ಎಂದು ಕೇಳಿಸುತ್ತಿತ್ತಲ್ಲ, ಅದೂ ಇದೇ. ಸ್ಪೀಕರಿನಲ್ಲಾದರೆ ಕಿವಿಗೆ ಕೇಳುತ್ತದೆ. ತೂಕದ ಯಂತ್ರದಲ್ಲಿ ಅದು ಮಾತಾಡುವುದಿಲ್ಲ, ಅಂಕಿಯಾಗಿ ಬಂದುಬಿಡುತ್ತದೆ.

ಗದ್ದಲ ಒಳಗೆ ಬರುವ ದಾರಿಗಳು

ಗಾಳಿಯ ದಾರಿ: ಮೊಬೈಲ್, ವೈಫೈ ಪೆಟ್ಟಿಗೆ, ಸಂಗ್ರಹಣೆಯ ಮಾಹಿತಿ ಕಳುಹಿಸುವ ಮೋಡೆಮ್, ಇವೆಲ್ಲ ರೇಡಿಯೋ ಅಲೆ ಬಿಡುತ್ತವೆ. ಇಲ್ಲಿ ನಮ್ಮ ಜಿಲ್ಲೆಗಳ ಒಂದು ವಿಶೇಷ ಗಮನಿಸಿ. ಮೊಬೈಲ್ ಯಾವಾಗಲೂ ಒಂದೇ ಶಕ್ತಿಯಲ್ಲಿ ಅಲೆ ಬಿಡುವುದಿಲ್ಲ. ಟವರ್ ಹತ್ತಿರ ಇದ್ದರೆ ಪಿಸುಗುಟ್ಟುತ್ತದೆ, ದೂರ ಇದ್ದರೆ ಕಿರುಚುತ್ತದೆ. ಮಂಗಳೂರು ನಗರದೊಳಗಿನ ಮೊಬೈಲಿಗಿಂತ ಘಟ್ಟದ ತಪ್ಪಲಿನ, ಸಿಗ್ನಲ್ ಒಂದೇ ಕಡ್ಡಿ ತೋರಿಸುವ ಊರಿನ ಮೊಬೈಲ್ ಹೆಚ್ಚು ಜೋರಾಗಿ ಕಿರುಚುತ್ತದೆ.

ತಂತಿಯ ದಾರಿ: ಬಲ್ಕ್ ಮಿಲ್ಕ್ ಕೂಲರಿನ ಕಂಪ್ರೆಸರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಸ್ವಿಚ್ಚಿನ ತುದಿಯಲ್ಲಿ ಕಿಡಿ ಹಾರಿದಾಗ ಸೂಜಿಯಂಥ ಏಟುಗಳು ಸಾಲಾಗಿ ತಂತಿಯಲ್ಲಿ ಹರಿಯುತ್ತವೆ. ಪಕ್ಕದ ತೋಟದ ಪಂಪು, ಮೇವು ಕತ್ತರಿಸುವ ಯಂತ್ರ, ಅಗ್ಗದ ಇನ್ವರ್ಟರ್ ಎಲ್ಲವೂ ಇದೇ ತಂತಿಯಲ್ಲಿ ಪಾಲುದಾರರು.

ಸಿಡಿಲಿನ ದಾರಿ: ಪತ್ತನಾಜೆಗೆ ಮುಂಚಿನ ಏಪ್ರಿಲ್-ಮೇ ಮತ್ತು ಮಳೆ ಹಿಂದಿರುಗುವ ಅಕ್ಟೋಬರ್-ನವೆಂಬರ್ ನಮ್ಮಲ್ಲಿ ಗುಡುಗು ಸಿಡಿಲಿನ ಕಾಲ. ಸಿಡಿಲು ಸಂಘದ ಮಾಡಿಗೇ ಬಡಿಯಬೇಕಾಗಿಲ್ಲ. ದೂರದ ಲೈನಿಗೆ ಬಡಿದರೂ ಅದರ ಅಲೆ ತಂತಿಯಲ್ಲಿ ಓಡಿ ಬರುತ್ತದೆ.

ಮೈಯ ದಾರಿ: ಒಣ ಹವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಲೋಹ ಮುಟ್ಟಿದರೆ ಚುರ್ ಎನ್ನುತ್ತದಲ್ಲ, ಆ ಸ್ಥಿರ ವಿದ್ಯುತ್ತು ಕೂಡ ಯಂತ್ರವನ್ನು ಗಲಿಬಿಲಿ ಮಾಡಬಲ್ಲದು. ಕರಾವಳಿಯ ತೇವದ ಹವೆಯಲ್ಲಿ ಇದರ ಕಾಟ ಕಡಿಮೆ. ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು.

ಮಾನದಂಡ ಏನು ಹೇಳುತ್ತದೆ?

ಈ ವಿಷಯದ ಇತಿಹಾಸ ಶುರುವಾಗುವುದು ರೇಡಿಯೋದಿಂದಲೇ. ರೇಡಿಯೋ ಕೇಳುವವರಿಗೆ ಬೇರೆ ಯಂತ್ರಗಳಿಂದ ತೊಂದರೆ ಆಗಬಾರದೆಂದು 1934ರಲ್ಲಿ ಪ್ಯಾರಿಸಿನಲ್ಲಿ ಸಿಸ್ಪ್ರ್ ಎಂಬ ಅಂತರರಾಷ್ಟ್ರೀಯ ಸಮಿತಿ ಸೇರಿತು. ಎಲೆಕ್ಟ್ರಾನಿಕ್ ಯಂತ್ರಗಳು ಎಲ್ಲ ಕಡೆ ಬಂದ ಮೇಲೆ ಪ್ರಶ್ನೆ ಎರಡಾಯಿತು. ಯಂತ್ರ ಬೇರೆಯವರಿಗೆ ತೊಂದರೆ ಕೊಡಬಾರದು ಎಂಬುದು ಒಂದು. ಬೇರೆಯವರ ತೊಂದರೆಯನ್ನು ತಾನೂ ತಡೆದುಕೊಳ್ಳಬೇಕು ಎಂಬುದು ಇನ್ನೊಂದು. ಅಕ್ಕಪಕ್ಕದ ಮನೆಯವರ ಹಾಗೆ, ಗಲಾಟೆ ಮಾಡಬಾರದು, ಸಣ್ಣ ಗಲಾಟೆಗೆ ಬೆಚ್ಚಿಬೀಳಲೂ ಬಾರದು.

ಅಳತೆ, ನಿಯಂತ್ರಣ ಮತ್ತು ಪ್ರಯೋಗಾಲಯದ ವಿದ್ಯುತ್ ಉಪಕರಣಗಳಿಗೆಂದೇ ಇರುವ ಮಾನದಂಡ ಐಇಸಿ 61326-1. 2005, 2012 ಮತ್ತು 2020ರಲ್ಲಿ ಇದರ ಆವೃತ್ತಿಗಳು ಬಂದಿವೆ. ಇದು ಮೊದಲು ಕೇಳುವ ಪ್ರಶ್ನೆ: ಯಂತ್ರ ಎಲ್ಲಿ ಕೂರುತ್ತದೆ? ಉತ್ತರಕ್ಕೆ ತಕ್ಕಂತೆ ಮೂರು ಬಗೆಯ ಪರಿಸರ ಹೇಳುತ್ತದೆ.

ಮೊದಲನೆಯದು ಸಾಮಾನ್ಯ ಪರಿಸರ. ಮನೆ, ಅಂಗಡಿ, ಕಚೇರಿಯಂಥ ಜಾಗ. ಎರಡನೆಯದು ಕೈಗಾರಿಕಾ ಪರಿಸರ. ದೊಡ್ಡ ಮೋಟರುಗಳು ಆಗಾಗ ಆನ್-ಆಫ್ ಆಗುವ ಜಾಗ. ಮೂರನೆಯದು ನಿಯಂತ್ರಿತ ಪರಿಸರ. ಮೊಬೈಲಿಗೂ ಪ್ರವೇಶವಿಲ್ಲದ, ವಿದ್ಯುತ್ತನ್ನು ಶುದ್ಧ ಮಾಡಿಕೊಂಡ ಪ್ರಯೋಗಾಲಯ.

ಪರಿಸರ ಬದಲಾದರೆ ಯಂತ್ರ ಎದುರಿಸಬೇಕಾದ ಪರೀಕ್ಷೆಯೂ ಬದಲಾಗುತ್ತದೆ. 80 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್ ವರೆಗಿನ ರೇಡಿಯೋ ಅಲೆಗಳ ಪರೀಕ್ಷೆ ನೋಡಿ. ನಿಯಂತ್ರಿತ ಪರಿಸರದ ಯಂತ್ರ ಮೀಟರಿಗೆ 1 ವೋಲ್ಟ್ ತೀವ್ರತೆಯ ಅಲೆ ತಡೆದುಕೊಂಡರೆ ಸಾಕು. ಸಾಮಾನ್ಯ ಪರಿಸರದ್ದು 3 ವೋಲ್ಟ್, ಕೈಗಾರಿಕಾ ಪರಿಸರದ್ದು 10 ವೋಲ್ಟ್ ತಡೆಯಬೇಕು. ಸ್ವಿಚ್ಚಿನ ಕಿಡಿಯಂಥ ಏಟುಗಳ ಪರೀಕ್ಷೆಯಲ್ಲಿ ಸಾಮಾನ್ಯ ಪರಿಸರಕ್ಕೆ 1,000 ವೋಲ್ಟ್, ಕೈಗಾರಿಕೆಗೆ 2,000 ವೋಲ್ಟ್. ಸಿಡಿಲಿನ ಅಲೆಯಂಥ ಏಟು ತಂತಿಗೂ ಭೂಮಿಗೂ ನಡುವೆ ಬಿದ್ದರೆ ಸಾಮಾನ್ಯಕ್ಕೆ 1,000, ಕೈಗಾರಿಕೆಗೆ 2,000 ವೋಲ್ಟ್.

ಈ ಅಂಕಿಗಳನ್ನು ನಮ್ಮ ಮೇಜಿನ ಮೇಲಿಟ್ಟು ನೋಡೋಣ. ಪೂರ್ತಿ ಶಕ್ತಿಯಲ್ಲಿ ಮಾತಾಡುವ ಹಳೆಯ 2ಜಿ ಮೊಬೈಲ್ 2 ವ್ಯಾಟ್ ವರೆಗೆ ಅಲೆ ಬಿಡುತ್ತದೆ. ಒಂದು ಮೀಟರ್ ದೂರದಲ್ಲಿ ಅದರ ತೀವ್ರತೆ ಮೀಟರಿಗೆ ಸರಿಸುಮಾರು 10 ವೋಲ್ಟ್, ಮೂರು ಮೀಟರ್ ದೂರದಲ್ಲಿ 3 ವೋಲ್ಟ್. 4ಜಿ ಮೊಬೈಲಿನ ಶಕ್ತಿ ಹೆಚ್ಚೆಂದರೆ 0.2 ವ್ಯಾಟ್‌ನಷ್ಟು. ಅದು ಒಂದು ಮೀಟರ್ ದೂರದಲ್ಲೇ 3 ವೋಲ್ಟಿಗೆ ಇಳಿಯುತ್ತದೆ. ಅಂದರೆ ಸಾಮಾನ್ಯ ಪರಿಸರಕ್ಕೆಂದು ಪರೀಕ್ಷೆ ಪಾಸಾದ ಯಂತ್ರದ ಪಕ್ಕದಲ್ಲೇ ಮೊಬೈಲ್ ಇಟ್ಟು ಮಾತಾಡಿದರೆ, ಅದು ತಡೆಯುತ್ತೇನೆ ಎಂದು ಮಾತು ಕೊಟ್ಟದ್ದಕ್ಕಿಂತ ಹೆಚ್ಚಿನ ಗದ್ದಲ ಅದರ ಮೇಲೆ ಬೀಳುತ್ತದೆ. ಯಂತ್ರ ಮಾತು ತಪ್ಪಿಲ್ಲ. ನಾವು ಅದರ ಮಿತಿ ದಾಟಿದ್ದೇವೆ. ತೂಕದ ಮೇಜಿನಿಂದ ಮೊಬೈಲ್ ಮೂರು ಮೀಟರ್ ದೂರ ಇರಲಿ ಎನ್ನುವ ಮಾತಿನ ಹಿಂದಿನ ಲೆಕ್ಕ ಇಷ್ಟೇ.

ಪಾಸಾಗುವುದರಲ್ಲೂ ಮೂರು ದರ್ಜೆ

ಪರೀಕ್ಷೆ ಪಾಸಾಗಿದೆ ಎಂದರೆ ಎಲ್ಲವೂ ಸರಿ ಎಂದಲ್ಲ. ಮಾನದಂಡದಲ್ಲಿ ಎ, ಬಿ, ಸಿ ಎಂಬ ಮೂರು ದರ್ಜೆಗಳಿವೆ.

ಎ ದರ್ಜೆ: ಗದ್ದಲ ಇರುವಾಗಲೂ ಯಂತ್ರ ತನ್ನ ನಿಖರತೆಯ ಮಿತಿಯೊಳಗೆ ಸರಿಯಾಗಿ ಅಳೆಯುತ್ತಲೇ ಇರಬೇಕು.

ಬಿ ದರ್ಜೆ: ಗದ್ದಲದ ಹೊತ್ತಿಗೆ ತಪ್ಪಬಹುದು, ಆದರೆ ಗದ್ದಲ ನಿಂತೊಡನೆ ತಾನಾಗಿಯೇ ಸರಿಹೋಗಬೇಕು.

ಸಿ ದರ್ಜೆ: ತಪ್ಪಬಹುದು, ನಿಂತೇ ಹೋಗಬಹುದು. ಯಾರಾದರೂ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗಬೇಕು.

ಮಾನದಂಡ ರೇಡಿಯೋ ಅಲೆಗಳಂತೆ ಸದಾ ಇರುವ ಗದ್ದಲಕ್ಕೆ ಎ ದರ್ಜೆ ಕೇಳುತ್ತದೆ. ಸ್ವಿಚ್ಚಿನ ಏಟು, ಸಿಡಿಲಿನ ಅಲೆಯಂಥ ಕ್ಷಣಮಾತ್ರದವಕ್ಕೆ ಬಿ ಸಾಕು. ಕಾರ್ಖಾನೆಯಲ್ಲಿ ದಿನವಿಡೀ ಓಡುವ ಮಾಪಕ ಅರೆಕ್ಷಣ ತಪ್ಪಿ ಸರಿಹೋದರೆ ನಷ್ಟವಿಲ್ಲ. ಆದರೆ ಸಂಘದಲ್ಲಿ ನಿಮ್ಮ ಹಾಲು ತಟ್ಟೆಯ ಮೇಲಿರುವುದು ಕೆಲವೇ ಕ್ಷಣ. ಆ ಕ್ಷಣದಲ್ಲೇ ಕಂಪ್ರೆಸರ್ ಶುರುವಾಗಿ ಅಂಕಿ ತಪ್ಪಿದರೆ, ತಪ್ಪಿದ ಅಂಕಿಯೇ ಚೀಟಿಗೆ ಹೋಗಿ, ಕಂಪ್ಯೂಟರಿಗೆ ಹೋಗಿ, ಬಿಲ್ಲಾಗುತ್ತದೆ. ಮತ್ತೆ ಯಂತ್ರ ಸರಿಹೋಯಿತು ಎಂಬುದರಿಂದ ನಿಮಗೇನೂ ಲಾಭವಿಲ್ಲ. ಯಂತ್ರ ಆರಿಸುವಾಗ ಇದನ್ನು ನೆನಪಿಡಬೇಕು.

ತೂಕದ ಯಂತ್ರಕ್ಕೆ ಕಾನೂನಿನ ಕಾವಲು

ಈ ಕೊರತೆಯನ್ನು ತೂಕದ ಯಂತ್ರದ ವಿಷಯದಲ್ಲಿ ಇನ್ನೊಂದು ಮಾನದಂಡ ತುಂಬುತ್ತದೆ. ಕಾನೂನುಬದ್ಧ ಅಳತೆಗಳ ಅಂತರರಾಷ್ಟ್ರೀಯ ಸಂಸ್ಥೆ ಓಐಎಂಎಲ್ ರೂಪಿಸಿದ ಆರ್ 76 ಎಂಬ ಶಿಫಾರಸು ಅದು. ಅದರ ಮಾತು ಗಟ್ಟಿಯಾಗಿದೆ: ಗದ್ದಲ ಬಂದಾಗ ಯಂತ್ರ ತನ್ನ ಒಂದು ಪರಿಶೀಲನಾ ವಿಭಾಗಕ್ಕಿಂತ ಹೆಚ್ಚು ತಪ್ಪಬಾರದು, ತಪ್ಪಿದರೆ ಅದನ್ನು ತಾನೇ ಪತ್ತೆಹಚ್ಚಿ ಕ್ರಮ ಕೈಗೊಳ್ಳಬೇಕು. ಅಂಕಿ ಮಾಯವಾಗಲಿ, ದೋಷದ ಗುರುತು ತೋರಿಸಲಿ, ಆದರೆ ಸುಳ್ಳು ಅಂಕಿಯನ್ನು ಸತ್ಯದಂತೆ ತೋರಿಸಕೂಡದು. 10 ಗ್ರಾಂ ವಿಭಾಗದ ಯಂತ್ರವಾದರೆ 10 ಗ್ರಾಂ ಒಳಗೇ ಇರಬೇಕು. ರೇಡಿಯೋ ಅಲೆಯ ಪರೀಕ್ಷೆಯೂ ಇಲ್ಲಿ ಮೀಟರಿಗೆ 10 ವೋಲ್ಟ್ ತೀವ್ರತೆಯದು.

ನಮ್ಮ ದೇಶದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ 22ನೇ ಕಲಮಿನಂತೆ ತೂಕದ ಯಂತ್ರ ತಯಾರಿಸುವವರು ಮೊದಲು ಅದರ ಮಾದರಿಗೆ ಅನುಮೋದನೆ ಪಡೆಯಬೇಕು. 24ನೇ ಕಲಮಿನಂತೆ ಬಳಕೆದಾರರು ಯಂತ್ರವನ್ನು ಪರಿಶೀಲನೆಗೆ ಒಪ್ಪಿಸಿ ಮುದ್ರೆ ಹಾಕಿಸಬೇಕು. 2011ರ ಸಾಮಾನ್ಯ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ಇದು 12 ತಿಂಗಳಿಗೊಮ್ಮೆ. ಮಾದರಿ ಪರೀಕ್ಷೆ ನಡೆಸುವ ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. 2023ರಲ್ಲಿ ಭಾರತ ಓಐಎಂಎಲ್ ಪ್ರಮಾಣಪತ್ರ ಕೊಡುವ ಅಧಿಕಾರ ಪಡೆದ 13ನೇ ದೇಶವಾಯಿತು.

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ತೂಕದ ಬಟ್ಟು ಇಟ್ಟು ನೋಡುವುದು ಯಂತ್ರ ಸರಿಯಾಗಿ ತೂಗುತ್ತದೆಯೇ ಎಂದು. ರೇಡಿಯೋ ಅಲೆ, ವಿದ್ಯುತ್ ಏಟು ಕೊಟ್ಟು ನೋಡುವುದು ಮಾದರಿ ಪರೀಕ್ಷೆಯ ಹೊತ್ತಿಗೆ, ಪ್ರಯೋಗಾಲಯದಲ್ಲಿ ಮಾತ್ರ.

ಆ ಪ್ರಯೋಗಾಲಯದ ಕೋಣೆಯ ಗೋಡೆ, ಮಾಡುಗಳಿಗೆ ಅಲೆ ಹೀರುವ ಮೊನಚು ಸ್ಪಂಜುಗಳನ್ನು ಹೊದಿಸಿರುತ್ತಾರೆ. ನಡುವೆ ಲೋಹವಿಲ್ಲದ ಮೇಜಿನ ಮೇಲೆ ಯಂತ್ರ, ಎದುರಿಗೆ ಆಂಟೆನಾ. ಯಂತ್ರದ ಮೇಲೆ ಗೊತ್ತಿರುವ ಭಾರ ಇಟ್ಟು, ಒಂದೊಂದೇ ಆವರ್ತನದ ಅಲೆ ಬಿಡುತ್ತ, ಯಂತ್ರವನ್ನು ನಾಲ್ಕು ಕಡೆಗೂ ತಿರುಗಿಸಿ ಅಂಕಿ ಅಲುಗಿತೇ ಎಂದು ನೋಡುತ್ತಾರೆ. ಅಲ್ಲಿ ಪರೀಕ್ಷೆ ಮಾಡುವುದು ಹೊಸ ಯಂತ್ರವನ್ನು, ತಯಾರಕರೇ ಕೊಟ್ಟ ತಂತಿ, ಅಡಾಪ್ಟರ್, ಸರಿಯಾದ ಅರ್ತಿಂಗ್ ಜೊತೆಗೆ. ಈ ಮಾತೇ ಈ ಲೇಖನದ ಸಾರ.

ಪ್ರಮಾಣಪತ್ರ ಕಾಗದದಲ್ಲಿದೆ, ಕಾಪಾಡುವುದು ನಮ್ಮ ಕೈಯಲ್ಲಿದೆ

ಪ್ರಮಾಣಪತ್ರ ಪಡೆದ ಯಂತ್ರವೇ ನಿಮ್ಮ ಸಂಘದಲ್ಲಿರಬಹುದು. ಆದರೆ ಅದು ಪರೀಕ್ಷೆಯ ದಿನ ಇದ್ದ ಹಾಗೆಯೇ ಈಗಲೂ ಇದೆಯೇ? ಒಮ್ಮೆ ಬಗ್ಗಿ ನೋಡಿ.

ಲೋಡ್ ಸೆಲ್ಲಿನ ತಂತಿ: ಈ ತಂತಿಯ ಸುತ್ತ ಒಳಗೆ ಲೋಹದ ಬಲೆ ಇರುತ್ತದೆ. ಗದ್ದಲ ಒಳಗಿನ ಎಳೆಗಳಿಗೆ ತಾಗದಂತೆ ಅದು ಕೊಡೆ ಹಿಡಿಯುತ್ತದೆ. ಇಲಿ ಕಡಿದ ತಂತಿಯನ್ನು ತಿರುಚಿ ಟೇಪು ಸುತ್ತಿದರೆ ಯಂತ್ರ ಓಡುತ್ತದೆ ನಿಜ, ಆದರೆ ಆ ಜಾಗದಲ್ಲಿ ಕೊಡೆ ತೂತಾಗಿದೆ. ಟೇಪು ಸುತ್ತಬೇಡಿ, ತಂತಿಯನ್ನೇ ಬದಲಾಯಿಸಿ.

ಅಡಾಪ್ಟರ್: ಸುಟ್ಟುಹೋದದ್ದರ ಬದಲು ಪೇಟೆಯಿಂದ ವೋಲ್ಟ್ ಹೊಂದುವ ಯಾವುದೋ ಒಂದನ್ನು ತಂದರೆ ದೀಪ ಹತ್ತೀತು. ಗದ್ದಲ ಸೋಸುವ ಭಾಗ ಅದರೊಳಗೆ ಇಲ್ಲದಿರಬಹುದು. ಅದೇ ಗದ್ದಲ ಮಾಡಲೂಬಹುದು.

ತಂತಿಯ ಮೇಲಿನ ಗುಂಡು: ಕೆಲವು ತಂತಿಗಳ ತುದಿಯಲ್ಲಿ ದಪ್ಪ ಉರುಳೆಯಂಥದ್ದು ಇರುತ್ತದೆ. ಅದು ಫೆರೈಟ್, ಹೆಚ್ಚು ಆವರ್ತನದ ಗದ್ದಲವನ್ನು ನುಂಗುತ್ತದೆ. ಅಡ್ಡ ಬರುತ್ತದೆಂದು ಕತ್ತರಿಸಬೇಡಿ.

ಮುಚ್ಚಳದ ತಿರುಪುಗಳು: ರಿಪೇರಿ ಆದ ಮೇಲೆ ಎಂಟು ತಿರುಪಿನ ಜಾಗದಲ್ಲಿ ಮೂರು ಹಾಕಿ ಬಿಟ್ಟರೆ ಲೋಹದ ಪೆಟ್ಟಿಗೆಯ ಸಂದಿನಿಂದ ಅಲೆ ಒಳಗೆ ನುಗ್ಗುತ್ತದೆ. ಮುದ್ರೆ ಒಡೆದು ರಿಪೇರಿ ಮಾಡಿದ ಯಂತ್ರಕ್ಕೆ ಮತ್ತೆ ಪರಿಶೀಲನೆ, ಮುದ್ರೆ ಆಗಲೇಬೇಕು.

ಅರ್ತಿಂಗ್: ಗದ್ದಲವನ್ನು ಭೂಮಿಗೆ ಕಳುಹಿಸುವ ದಾರಿ ಇದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನು ಮುರಿದಿದ್ದರೆ, ಅಥವಾ ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದ್ದರೆ, ದಾರಿಯೇ ಇಲ್ಲ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಇನ್ನೊಂದು ತೊಡಕು. ಮಳೆಗಾಲದಲ್ಲಿ ಒದ್ದೆಯಾಗಿ ಚೆನ್ನಾಗಿ ಕೆಲಸ ಮಾಡುವ ಅರ್ತ್ ಗುಂಡಿ ಮಾರ್ಚ್ ಬರುವಷ್ಟರಲ್ಲಿ ಒಣಗಿ ಗಟ್ಟಿಯಾಗಿರುತ್ತದೆ. ಸಿಡಿಲು ಶುರುವಾಗುವುದೂ ಆ ಸಮಯದಲ್ಲೇ. ಆದ್ದರಿಂದ ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲೇ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ತ್ ಟೆಸ್ಟರಿನಿಂದ ಅಳೆಸಿ ಅಂಕಿ ಬರೆದಿಡಿ. ಕಳೆದ ವರ್ಷಕ್ಕಿಂತ ಏರಿದ್ದರೆ ಗುಂಡಿಗೆ ಚಿಕಿತ್ಸೆ ಬೇಕು ಎಂದರ್ಥ.

ಪ್ರತ್ಯೇಕ ಲೈನು: ಕೂಲರಿನ ಕಂಪ್ರೆಸರಿಗೂ ಅಳತೆಯ ಯಂತ್ರಗಳಿಗೂ ಒಂದೇ ಬೋರ್ಡಿನಿಂದ ತಂತಿ ಎಳೆದಿದ್ದರೆ ಬೇರೆ ಮಾಡಿಸಿ. ಅಳತೆಯ ಯಂತ್ರಗಳಿಗೆ ಒಳ್ಳೆಯ ಸೈನ್ ವೇವ್ ಯುಪಿಎಸ್ ಇರಲಿ. ಮೋಟರಿನ ದಪ್ಪ ಕೇಬಲಿನ ಜೊತೆಗೆ ಲೋಡ್ ಸೆಲ್ಲಿನ ತಂತಿಯನ್ನು ಒಂದೇ ಪೈಪಿನಲ್ಲಿ ಹಾಕಬೇಡಿ.

ಹೊಸ ಯಂತ್ರ ಕೊಳ್ಳುವಾಗ ಆಡಳಿತ ಮಂಡಳಿ ಕೇಳಬೇಕಾದದ್ದು

1. ತೂಕದ ಯಂತ್ರವಾದರೆ ಮಾದರಿ ಅನುಮೋದನೆಯ ಸಂಖ್ಯೆ ಎಲ್ಲಿ? ಯಂತ್ರದ ಪಟ್ಟಿಯ ಮೇಲಿನ ಸಂಖ್ಯೆಗೂ ಪ್ರಮಾಣಪತ್ರಕ್ಕೂ ತಾಳೆ ಇದೆಯೇ?

2. ಮಿಲ್ಕ್ ಅನಲೈಸರ್ ಆದರೆ ಐಇಸಿ 61326-1 ಪರೀಕ್ಷಾ ವರದಿ ಇದೆಯೇ? ಯಾವ ಪರಿಸರಕ್ಕೆ? ಬಲ್ಕ್ ಕೂಲರ್ ಇರುವ ಸಂಘವಾದರೆ ಕೈಗಾರಿಕಾ ಪರಿಸರದ ಮಟ್ಟವನ್ನೇ ಕೇಳುವುದು ಜಾಣತನ.

3. ಯಾವ ಪರೀಕ್ಷೆಗೆ ಯಾವ ದರ್ಜೆ? ಪರೀಕ್ಷೆಯ ಹೊತ್ತಿಗೆ ಫ್ಯಾಟ್ ಅಂಕಿ ಎಷ್ಟು ಆಚೀಚೆ ಆದರೆ ಪಾಸು ಎಂದು ಇಟ್ಟುಕೊಂಡಿದ್ದರು? ಆ ಮಿತಿಯನ್ನು ತಯಾರಕರೇ ಹೇಳಿಕೊಳ್ಳಲು ಮಾನದಂಡ ಬಿಟ್ಟಿದೆ. ಆದ್ದರಿಂದ ಈ ಪ್ರಶ್ನೆ ಬಹಳ ಮುಖ್ಯ.

4. ವರದಿ ಕೊಟ್ಟ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ? ಪರೀಕ್ಷೆಯಾದ ಮಾದರಿಯೂ ನಮಗೆ ಕೊಡುವ ಮಾದರಿಯೂ ಒಂದೆಯೇ?

5. ಬರೀ ಸಿಇ ಗುರುತು ತೋರಿಸಿದರೆ ತೃಪ್ತರಾಗಬೇಡಿ. ಅದು ಯುರೋಪಿನ ನಿಯಮಗಳಿಗೆ ತಮ್ಮ ಯಂತ್ರ ಒಪ್ಪುತ್ತದೆ ಎಂದು ತಯಾರಕರು ಮಾಡಿಕೊಳ್ಳುವ ಘೋಷಣೆ. ಅದರ ಹಿಂದಿನ ವರದಿ ಕೇಳಿ.

ಸಂಘದಲ್ಲೇ ಮಾಡಬಹುದಾದ ಪರೀಕ್ಷೆ

ಇದಕ್ಕೆ ಪ್ರಯೋಗಾಲಯ ಬೇಡ. ಹಾಲು ಸಂಗ್ರಹಣೆ ಮುಗಿದ ಮೇಲೆ ಅರ್ಧ ಗಂಟೆ ಸಾಕು.

ಮುದ್ರೆ ಇರುವ 5 ಕಿಲೋ ಬಟ್ಟನ್ನು ತೂಕದ ಯಂತ್ರದ ಮೇಲಿಡಿ. ಎಲ್ಲ ಮೊಬೈಲುಗಳನ್ನು ದೂರವಿಟ್ಟು, ಕಂಪ್ರೆಸರ್ ನಿಂತಿರುವಾಗ ಅಂಕಿ ಬರೆದುಕೊಳ್ಳಿ. ಈಗ ಒಬ್ಬರು ಮೂರು ಮೀಟರ್ ದೂರದಲ್ಲಿ ನಿಂತು ಕರೆ ಮಾಡಲಿ. ನಂತರ ಒಂದು ಮೀಟರ್ ದೂರದಲ್ಲಿ, ನಂತರ ಯಂತ್ರದ ಪಕ್ಕದಲ್ಲಿ. ಪ್ರತಿ ಸಲ ಅಂಕಿ ಬರೆಯಿರಿ. ಬಳಿಕ ಕಂಪ್ರೆಸರನ್ನು ಶುರುಮಾಡಿ ಆ ಕ್ಷಣದ ಅಂಕಿ ನೋಡಿ. ಪಂಪು, ಫ್ಯಾನು, ಟ್ಯೂಬ್‌ಲೈಟ್ ಒಂದೊಂದಾಗಿ ಆನ್ ಮಾಡಿ ನೋಡಿ.

ಅನಲೈಸರಿಗೆ: ಚೆನ್ನಾಗಿ ಕಲಕಿದ ಒಂದೇ ಹಾಲಿನ ಮಾದರಿಯನ್ನು ಎಲ್ಲ ಶಾಂತವಾಗಿರುವಾಗ ಮೂರು ಸಲ, ಕಂಪ್ರೆಸರ್ ಓಡುವಾಗ ಮೂರು ಸಲ ಪರೀಕ್ಷಿಸಿ. ಅಂಕಿಗಳು ಕೈಪಿಡಿಯಲ್ಲಿ ಹೇಳಿದ ವ್ಯತ್ಯಾಸದೊಳಗೆ ಇದ್ದರೆ ಚಿಂತೆಯಿಲ್ಲ. ದಾಟಿದರೆ ಅದೇ ಮಾದರಿಯನ್ನು ಗರ್ಬರ್ ವಿಧಾನದಲ್ಲಿ ನೋಡಿ. ಆಸಿಡ್, ಆಲ್ಕೋಹಾಲ್, ಗಾಜಿನ ಬ್ಯುಟಿರೋಮೀಟರಿನ ಈ ಪದ್ಧತಿಯನ್ನು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರಲ್ಲಿ ಕೊಟ್ಟದ್ದು. ಗಾಜಿನ ಕಡ್ಡಿಯ ಮೇಲೆ ಕಣ್ಣಿಗೆ ಕಾಣುವ ಜಿಡ್ಡಿನ ಪದರಕ್ಕೆ ಯಾವ ಮೊಬೈಲೂ ಏನೂ ಮಾಡಲಾರದು. ವಿವಾದ ಬಂದಾಗ ಈ ಹಳೆಯ ಪದ್ಧತಿಯೇ ಪಂಚಾಯಿತಿಕೆ ಮಾಡಬಲ್ಲದು. ಬಲವಾದ ಆಸಿಡ್ ಇರುವುದರಿಂದ ತರಬೇತಿ ಪಡೆದವರೇ ಮಾಡಬೇಕು.

ಮನೆಯ ಮೂಲೆಯಲ್ಲಿರುವ ಹಳೆಯ ಮೀಡಿಯಂ ವೇವ್ ರೇಡಿಯೋ ಇದ್ದರೆ ಅದನ್ನೂ ತನ್ನಿ. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ ಸಂಘದೊಳಗೆ ಒಂದು ಸುತ್ತು ಹಾಕಿ. ಎಲ್ಲಿ ಕರಕರ ಜೋರಾಗುತ್ತದೋ ಅಲ್ಲಿ ಗದ್ದಲದ ಮೂಲ ಇದೆ. ಅಗ್ಗದ ಎಲ್‌ಇಡಿ ದೀಪವೋ, ಚಾರ್ಜರೋ, ಇನ್ವರ್ಟರೋ ಎಂದು ಹತ್ತೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಎಲ್ಲ ವ್ಯತ್ಯಾಸಕ್ಕೂ ಇದೇ ಕಾರಣವಲ್ಲ

ಇಷ್ಟು ಓದಿ ನಾಳೆ ಫ್ಯಾಟ್ ಕಡಿಮೆ ಬಂದರೆ ಮೊಬೈಲಿನ ಮೇಲೆ ಹೊರಿಸಬೇಡಿ. ಫ್ಯಾಟ್ ಹೊತ್ತಿನಿಂದ ಹೊತ್ತಿಗೆ ಸಹಜವಾಗಿಯೇ ಬದಲಾಗುತ್ತದೆ. ಕರೆಯುವಾಗ ಕೊನೆಯ ಹಾಲಿನಲ್ಲಿ ಜಿಡ್ಡು ಹೆಚ್ಚು, ಅದನ್ನು ಕರುವಿಗೆ ಬಿಟ್ಟರೆ ಅಂಕಿ ಇಳಿಯುತ್ತದೆ. ಮೇವು ಬದಲಾದರೂ, ದನಕ್ಕೆ ಸೆಕೆ ತಡೆಯದಿದ್ದರೂ ಬದಲಾಗುತ್ತದೆ. ಹಾಲನ್ನು ಸರಿಯಾಗಿ ಕಲಕದೆ ಮಾದರಿ ತೆಗೆದರೆ, ಮಾದರಿಯಲ್ಲಿ ನೊರೆ ಇದ್ದರೆ, ಅನಲೈಸರನ್ನು ದಿನಾ ತೊಳೆಯದಿದ್ದರೆ ಯಂತ್ರ ತಪ್ಪಿ ತೋರಿಸುತ್ತದೆ.

ಗುರುತು ಹಿಡಿಯುವ ಬಗೆ ಸುಲಭ. ಯಂತ್ರ ಯಾವಾಗಲೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪುತ್ತಿದ್ದರೆ ಅದು ಹೊಂದಿಸುವಿಕೆಯ ಅಥವಾ ಸ್ವಚ್ಛತೆಯ ದೋಷ. ಕೆಲವು ಹೊತ್ತು ಸರಿ, ಕೆಲವು ಹೊತ್ತು ಕುಣಿತ, ಅದೂ ಕಂಪ್ರೆಸರ್ ಶುರುವಾದಾಗ ಅಥವಾ ಕರೆ ಬಂದಾಗ ಎಂದಾದರೆ ಗದ್ದಲದ ಮೇಲೆ ಅನುಮಾನಪಡಿ. ಸಂಘದ ಚೀಟಿಗಳ ಒಟ್ಟು ತೂಕಕ್ಕೂ ಕೂಲರಿನ ಅಥವಾ ಡೇರಿಯ ಅಳತೆಗೂ ಪ್ರತಿದಿನ ತಾಳೆ ನೋಡಿ. ವ್ಯತ್ಯಾಸ ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ಎಂದು ಓಲಾಡುತ್ತಿದ್ದರೆ ಅದು ಪರೀಕ್ಷೆ ಮಾಡಿ ನೋಡುವ ಸೂಚನೆ.

ಕೊನೆಯದಾಗಿ ಸಿಡಿಲಿನ ಮಾತು. ನಿಜವಾದ ಸಿಡಿಲಿನಲ್ಲಿ ಹರಿಯುವ ಕರೆಂಟು ಸಾವಿರ ಸಾವಿರ ಆಂಪಿಯರ್. 2,000 ವೋಲ್ಟಿನ ಪರೀಕ್ಷೆ ಪಾಸಾದ ಯಂತ್ರ ಅದರೆದುರು ನಿಲ್ಲದು. ಗುಡುಗು ಕೇಳಿಸಿದೊಡನೆ ಪ್ಲಗ್ಗನ್ನೂ, ಹೊರಗಿನಿಂದ ಬರುವ ಆಂಟೆನಾ ಮತ್ತು ಇಂಟರ್ನೆಟ್ ತಂತಿಯನ್ನೂ ಕಳಚಿಡಿ. ಸಿಡಿಲು ಮೇಲೆ ಬಂದು ಹೊಡೆಯುತ್ತಿರುವಾಗ ಕಳಚಲು ಹೋಗಬೇಡಿ. ಯಂತ್ರಕ್ಕಿಂತ ಜೀವ ದೊಡ್ಡದು.

ಸುಳ್ಯದ ಗುಡ್ಡದಿಂದ ಬೈಂದೂರಿನ ಕಡಲ ತಡಿಯವರೆಗೆ ಎರಡು ಜಿಲ್ಲೆಗಳ ಹಾಲು ನಮ್ಮ ಒಕ್ಕೂಟಕ್ಕೆ ಸೇರುತ್ತದೆ. ಆ ಹಾಲಿನ ಬೆಲೆ ತೀರ್ಮಾನವಾಗುವುದು ಮಾತ್ರ ಕುಲಶೇಖರದ ಡೇರಿಯಲ್ಲಲ್ಲ, ನಿಮ್ಮೂರಿನ ಸಂಘದ ಆ ಪುಟ್ಟ ಮೇಜಿನ ಮೇಲೆ. ಮುಂದಿನ ಸಲ ಸಭೆ ಸೇರಿದಾಗ ಮೂರು ವಿಷಯ ಎತ್ತಿ: ತೂಕದ ಯಂತ್ರಕ್ಕೆ ಈ ವರ್ಷದ ಮುದ್ರೆ ಆಗಿದೆಯೇ, ಅರ್ತ್ ಅಳೆಸಿದ್ದು ಯಾವಾಗ, ಮೊಬೈಲುಗಳಿಗೆ ಬಾಗಿಲ ಬಳಿ ಒಂದು ಬುಟ್ಟಿ ಇಡಬಹುದೇ. ಮೂರನೆಯದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ನಾಳೆ ಬೆಳಿಗ್ಗೆಯೇ ಶುರುಮಾಡಬಹುದು.